ಹಳೆಯ ಸರ್ಕಾರಿ ಪ್ರೌಢಶಾಲೆಗಳ ದಾಖಲೆಗಳನ್ನು ರದ್ದಿಗೆ ಹಾಕಬೇಡಿ: ಶಾಲಾ ಶಿಕ್ಷಣ ಸಚಿವರಿಗೆ ಬಹಿರಂಗ ಪತ್ರ

ಸನ್ಮಾನ್ಯ ಶಾಲಾ ಶಿಕ್ಷಣ ಮತ್ತು ಸಾಕ್ಷರತಾ ಸಚಿವರಿಗೆ,
ವಿಧಾನಸೌಧ, ಬೆಂಗಳೂರು

ಮಾನ್ಯರೇ,

ನಾನು ಸರ್ಕಾರಿ ಪ್ರೌಢಶಾಲೆಗಳಲ್ಲಿ ಸಮಾಜ ವಿಜ್ಞಾನ ಕಲಿಸಿ ನಿವೃತ್ತನಾಗಿ ಮೈಸೂರಿನಲ್ಲಿ ನೆಲೆಸಿರುವ ಶಿಕ್ಷಕ. ಕೊಠಡಿ ಸೋರುತ್ತದೆ, ಗಣಿತಕ್ಕೆ ಮೇಷ್ಟ್ರಿಲ್ಲ, ಹೆಣ್ಣುಮಕ್ಕಳಿಗೆ ಶೌಚಾಲಯ ಸಾಲದು ಎಂಬ ದೂರುಗಳು ದಿನವೂ ನಿಮ್ಮ ಮೇಜಿಗೆ ಬರುತ್ತವೆ. ಅವೆಲ್ಲ ನ್ಯಾಯವಾದ ದೂರುಗಳೇ. ನಾನು ಬರೆಯುತ್ತಿರುವುದು ಯಾರೂ ದೂರು ಕೊಡದ ಒಂದು ನಷ್ಟದ ಬಗ್ಗೆ. ನಗರಗಳ ನಡುಮಧ್ಯದಲ್ಲಿರುವ ನಮ್ಮ ಹಳೆಯ ಸರ್ಕಾರಿ ಪ್ರೌಢಶಾಲೆಗಳ ಕಾಗದಪತ್ರಗಳು ಸದ್ದಿಲ್ಲದೆ ಕಣ್ಮರೆಯಾಗುತ್ತಿವೆ. ಅವುಗಳ ಜೊತೆಗೆ ಆ ಶಾಲೆಗಳ ಇತಿಹಾಸವೂ, ತಲೆಮಾರುಗಳಿಂದ ನಡೆದುಬಂದ ಪದ್ಧತಿಗಳೂ ಹೋಗುತ್ತಿವೆ.

ಕಣ್ಣಾರೆ ಕಂಡದ್ದನ್ನು ಮೊದಲು ಹೇಳುತ್ತೇನೆ. ಕಳೆದ ಬೇಸಿಗೆ ರಜೆಯಲ್ಲಿ ಒಂದು ಹಳೆಯ ಸರ್ಕಾರಿ ಪ್ರೌಢಶಾಲೆಗೆ ಕೆಲಸದ ಮೇಲೆ ಹೋಗಿದ್ದೆ. ಶಾಲೆಯ ಹೆಸರನ್ನು ಬೇಕೆಂದೇ ಬರೆಯುತ್ತಿಲ್ಲ. ಅಲ್ಲಿನವರು ಮಾಡಿದ್ದನ್ನೇ ಬೇರೆ ಊರುಗಳ ಶಾಲೆಗಳಲ್ಲೂ ಮಾಡುತ್ತಾರೆ, ಕೆಟ್ಟ ಉದ್ದೇಶದಿಂದೇನೂ ಅಲ್ಲ. ಗಣಕಯಂತ್ರಗಳಿಗೆ ಒಂದು ಕೊಠಡಿ ಬೇಕಾಗಿತ್ತು. ಖಾಲಿ ಮಾಡಲು ಸುಲಭವಾಗಿದ್ದದ್ದು ಹಳೆಯ ಬೀರುಗಳ ಕೊಠಡಿ. ಜಗುಲಿಯ ಮೇಲೆ ತಕ್ಕಡಿ ಇಟ್ಟುಕೊಂಡು ರದ್ದಿ ವ್ಯಾಪಾರಿ ಕುಳಿತಿದ್ದ. ಮುರಿದ ಬೆಂಚಿನ ಹಲಗೆಗಳು, ಹಳೆಯ ಉತ್ತರ ಪತ್ರಿಕೆಗಳು, ಕಳೆದ ವರ್ಷದ ಪಠ್ಯಪುಸ್ತಕಗಳು ಒಂದು ಕಡೆ ಬಿದ್ದಿದ್ದವು. ಅದೇ ರಾಶಿಯಲ್ಲಿ ಬಟ್ಟೆಯ ಬೆನ್ನಿನ ದೊಡ್ಡ ಪುಸ್ತಕಗಳೂ ಇದ್ದವು.

ಅವುಗಳಲ್ಲಿ ಒಂದನ್ನು ತೆರೆದೆ. ಅದು ದಾಖಲಾತಿ ಪುಸ್ತಕ. ಅಂಚುಗಳನ್ನು ಗೆದ್ದಲು ತಿಂದಿತ್ತು, ನಡುವಿನ ಬರಹ ಮಾತ್ರ ನಿಚ್ಚಳವಾಗಿತ್ತು. ಹುಡುಗನ ಹೆಸರು, ತಂದೆಯ ಹೆಸರು, ಜಾತಿ, ತಂದೆಯ ಕಸುಬು, ಹುಟ್ಟಿದ ದಿನಾಂಕ, ಊರು, ಹಿಂದೆ ಓದಿದ ಶಾಲೆ, ಸೇರಿದ ತರಗತಿ, ಬಿಟ್ಟ ದಿನಾಂಕ, ಕೊನೆಯಲ್ಲಿ ಬಿಟ್ಟ ಕಾರಣ. ಗುಮಾಸ್ತರ ಕೈಬರಹ ಪುಟದಿಂದ ಪುಟಕ್ಕೆ ಒಂದೇ ಹದದಲ್ಲಿ ಓಡಿತ್ತು. ಬಿಟ್ಟ ಕಾರಣದ ಅಂಕಣವನ್ನು ಮೇಲಿನಿಂದ ಕೆಳಕ್ಕೆ ಓದಿದೆ. ಶುಲ್ಕ ಬಾಕಿ. ಊರಿಗೆ ಹೋದ. ಪೂರೈಸಿದ. ಶುಲ್ಕ ಬಾಕಿ. ಒಂದು ಕಡೆ ಬರೀ ‘ತೀರಿಕೊಂಡ’ ಎಂದಿತ್ತು. ಕಸುಬಿನ ಅಂಕಣದಲ್ಲಿ ಅರಮನೆ ನೌಕರಿ, ಬೇಸಾಯ, ಜಟಕಾ, ನೇಯ್ಗೆ, ಪುರೋಹಿತಿಕೆ ಎಲ್ಲವೂ ಒಂದರ ಕೆಳಗೊಂದು ಬಂದಿದ್ದವು. ಈ ಮಕ್ಕಳ ತಂದೆಯಂದಿರು ಊರಿನ ಬೇರೆ ಯಾವ ಜಾಗದಲ್ಲೂ ಹೀಗೆ ಒಂದೇ ಸಾಲಿನಲ್ಲಿ ನಿಂತಿರಲಾರರು ಅನ್ನಿಸಿತು.

ಮುಖ್ಯ ಶಿಕ್ಷಕರನ್ನು ಕೇಳಿದೆ. ದಾಖಲಾತಿ ಪುಸ್ತಕವನ್ನು ಶಾಶ್ವತವಾಗಿ ಕಾಪಾಡಬೇಕು ಎಂಬುದು ಅವರಿಗೂ ಗೊತ್ತು. ಆದರೆ ಅವರು ಆ ಶಾಲೆಗೆ ವರ್ಗವಾಗಿ ಬಂದು ವರ್ಷವೂ ಆಗಿರಲಿಲ್ಲ. ಬೀರುವಿನಲ್ಲಿ ಏನಿದೆ ಎಂದು ಅವರಿಗೆ ಅಧಿಕಾರ ವಹಿಸಿಕೊಟ್ಟವರು ಹೇಳಿರಲಿಲ್ಲ, ಹಾಗೆ ವಹಿಸಿಕೊಟ್ಟವರಿಗೂ ಯಾರೂ ಹೇಳಿರಲಿಲ್ಲ. ನಾನು ಗುರುತಿಸಿದ ಪುಸ್ತಕಗಳನ್ನು ಅವರು ಸೌಜನ್ಯದಿಂದಲೇ ಒಳಗೆ ಇಡಿಸಿದರು. ಅದಕ್ಕೆ ಮುಂಚೆ ತೂಕಕ್ಕೆ ಹೋದವು ಯಾವುವು ಎಂದು ತಿಳಿಯುವ ದಾರಿಯೇ ಇರಲಿಲ್ಲ. ಶಾಲೆಯ ಹಳೆಯ ಕೈಬರಹದ ಪತ್ರಿಕೆಗಳು ಹೋದದ್ದು ಮಾತ್ರ ಖಚಿತ; ಅವುಗಳ ಖಾಲಿ ರಟ್ಟಿನ ಕಟ್ಟು ಅಲ್ಲೇ ಬಿದ್ದಿತ್ತು.

ಮಾನ್ಯರೇ, ಇದು ಹಳೆಯದರ ಮೇಲಿನ ಮೋಹದ ಮಾತು ಎಂದು ದಯವಿಟ್ಟು ಪಕ್ಕಕ್ಕಿಡಬೇಡಿ. ಮೊದಲು ಬಡವರ ಅಗತ್ಯದಿಂದಲೇ ನೋಡೋಣ. ಅಜ್ಜನ ಜಾತಿ ಏನೆಂದು ದಾಖಲೆ ಸಹಿತ ತೋರಿಸಿ ಎಂದು ಕೇಳಿದಾಗ ಜನ ಎಲ್ಲಿಗೆ ಓಡುತ್ತಾರೆ? ಆಸ್ಪತ್ರೆಯಲ್ಲಿ ಹುಟ್ಟದ, ಜನನ ನೋಂದಣಿ ಆಗದ ವೃದ್ಧರು ವಯಸ್ಸಿನ ಪುರಾವೆಗೆ ಎಲ್ಲಿಗೆ ಹೋಗುತ್ತಾರೆ? ಶಾಲೆಗೆ. ನನ್ನ ಸೇವೆಯ ಉದ್ದಕ್ಕೂ ಕಚೇರಿಯ ಬಾಗಿಲಲ್ಲಿ ಅಂಥವರನ್ನು ನೋಡಿದ್ದೇನೆ. ಅಪ್ಪ ಇಲ್ಲೇ ಓದಿದ್ದರಂತೆ, ಯಾವ ವರ್ಷವೋ ಗೊತ್ತಿಲ್ಲ ಎಂದು ಅಂಗಲಾಚುವವರಿಗೆ ಪುಸ್ತಕ ಸಿಗುತ್ತಿಲ್ಲ ಎಂಬ ಉತ್ತರ ಬಂದರೆ, ಒಂದು ಕುಟುಂಬದ ಮೀಸಲಾತಿಯ ಹಕ್ಕೇ ತೂಗಾಡುತ್ತದೆ. ಇರುವವರ ಮನೆಯಲ್ಲಿ ಜಮೀನಿನ ಪತ್ರ, ಕ್ರಯಪತ್ರ, ಜಾತಕ ಎಲ್ಲವೂ ಇರುತ್ತವೆ. ಇಲ್ಲದವರಿಗೆ ಇರುವುದು ಸರ್ಕಾರಿ ಶಾಲೆಯ ಪುಸ್ತಕದಲ್ಲಿನ ಆ ಒಂದು ಸಾಲು ಮಾತ್ರ.

ಇನ್ನು ಇತಿಹಾಸಕ್ಕೆ ಬರುತ್ತೇನೆ. ಮೈಸೂರಿನಲ್ಲಿ ಸರ್ಕಾರಿ ಪ್ರೌಢಶಾಲೆಯ ಕಥೆ ಶುರುವಾಗುವುದು 1833ರಲ್ಲಿ. 1831ರಲ್ಲಿ ಬ್ರಿಟಿಷರು ಆಡಳಿತವನ್ನು ಕಿತ್ತುಕೊಂಡಿದ್ದರು. ರಾಜ್ಯಭಾರವಿಲ್ಲದ ಮುಮ್ಮಡಿ ಕೃಷ್ಣರಾಜ ಒಡೆಯರು ಎರಡೇ ವರ್ಷದಲ್ಲಿ ಉಚಿತವಾಗಿ ಇಂಗ್ಲಿಷ್ ಕಲಿಸುವ ರಾಜಾ ಶಾಲೆಯನ್ನು ತೆರೆದರು. ಮಹಾರಾಜ ಪ್ರೌಢಶಾಲೆ, ಮಹಾರಾಜ ಕಾಲೇಜು ಎರಡಕ್ಕೂ ಅದೇ ಮೂಲ. ಅತ್ತ ಬೆಂಗಳೂರಿನಲ್ಲಿ 1858ರಲ್ಲಿ ಶುರುವಾದ ಹೈಸ್ಕೂಲು ಮುಂದೆ ಸೆಂಟ್ರಲ್ ಕಾಲೇಜಾಯಿತು. ಅಂದರೆ ನಮ್ಮ ಈ ದೊಡ್ಡ ಕಾಲೇಜುಗಳೆರಡೂ ಹೈಸ್ಕೂಲಿನ ಮಕ್ಕಳು. ಕಾಲೇಜುಗಳ ಶತಮಾನೋತ್ಸವ ನಡೆಯುತ್ತದೆ, ಸ್ಮರಣ ಸಂಚಿಕೆ ಬರುತ್ತದೆ. ಹೆತ್ತ ಶಾಲೆಯ ಕಥೆಯನ್ನು ಬರೆಯುವವರಿಲ್ಲ.

1881ರಲ್ಲಿ ಮೈಸೂರಿನಲ್ಲಿ ಹೆಣ್ಣುಮಕ್ಕಳಿಗಾಗಿ ಮಹಾರಾಣಿ ಶಾಲೆ ಆರಂಭವಾಯಿತು. ಬಾಲ್ಯವಿವಾಹವೇ ರೂಢಿಯಾಗಿದ್ದ ಕಾಲ. ಎಂಟು ವರ್ಷದೊಳಗಿನ ಹೆಣ್ಣುಮಗುವಿನ ಮದುವೆಯನ್ನು ತಡೆಯುವ ಕಾನೂನನ್ನು ಮೈಸೂರು ಸಂಸ್ಥಾನ ತಂದದ್ದು 1894ರಲ್ಲಿ. ಆ ಕಾನೂನಿನಿಂದ ನಿಜವಾಗಿ ಏನಾದರೂ ಬದಲಾಯಿತೇ? ಹುಡುಗಿಯರು ಶಾಲೆಯಲ್ಲಿ ಇನ್ನೂ ಒಂದೆರಡು ವರ್ಷ ಹೆಚ್ಚಾಗಿ ಉಳಿದರೇ? ದಿವಾನರ ಭಾಷಣಗಳು ಇದನ್ನು ಹೇಳುವುದಿಲ್ಲ. ಆ ಕಾಲದ ಹೆಣ್ಣುಮಕ್ಕಳ ಶಾಲೆಗಳ ದಾಖಲಾತಿ ಪುಸ್ತಕಗಳಲ್ಲಿನ ‘ಬಿಟ್ಟ ದಿನಾಂಕ’ ಮತ್ತು ‘ಬಿಟ್ಟ ಕಾರಣ’ ಎಂಬ ಎರಡು ಅಂಕಣಗಳು ಹೇಳುತ್ತವೆ.

ಅದೇ ರೀತಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಸರ್ಕಾರಿ ಶಾಲೆಗಳ ಬಾಗಿಲು ಅಸ್ಪೃಶ್ಯರೆನಿಸಿಕೊಂಡವರ ಮಕ್ಕಳಿಗೂ ತೆರೆದಿರಬೇಕು ಎಂಬ ಆಜ್ಞೆ ಹೊರಟಿತು, ಅದಕ್ಕೆ ಮೇಲ್ಜಾತಿಗಳಿಂದ ವಿರೋಧವೂ ಬಂತು. ಸರ್ ಲೆಸ್ಲಿ ಮಿಲ್ಲರ್ ಸಮಿತಿ 1919ರಲ್ಲಿ ವರದಿ ಕೊಟ್ಟಿತು, ಹಿಂದುಳಿದ ಸಮುದಾಯಗಳಿಗೆ ಸರ್ಕಾರಿ ನೌಕರಿಯಲ್ಲಿ ಪಾಲು ದೊರಕುವ ದಾರಿ ತೆರೆಯಿತು. ನೌಕರಿ ಬೇಕೆಂದರೆ ಮೊದಲು ಹೈಸ್ಕೂಲು ದಾಟಬೇಕು. ಯಾವ ವರ್ಷ, ಯಾವ ಶಾಲೆಗೆ, ಯಾವ ಕೇರಿಯಿಂದ ಮೊದಲ ಹುಡುಗ ಬಂದ, ಎಷ್ಟು ದಿನ ನಿಂತ, ಯಾರು ಪೋಷಕರೆಂದು ಸಹಿ ಹಾಕಿದರು ಎಂಬುದನ್ನು ಹೇಳಬಲ್ಲದ್ದು ಶಾಲೆಯ ಪುಸ್ತಕ ಮಾತ್ರ. ಸಾಮಾಜಿಕ ನ್ಯಾಯಕ್ಕೆ ನಮ್ಮ ನಾಡು ದೇಶಕ್ಕೇ ದಾರಿ ತೋರಿಸಿತು ಎಂದು ವೇದಿಕೆಗಳಲ್ಲಿ ಹೆಮ್ಮೆಯಿಂದ ಹೇಳುತ್ತೇವೆ, ಹೇಳಲೇಬೇಕು. ಆ ಹೆಮ್ಮೆಗೆ ಸಾಕ್ಷಿಯಾಗಿರುವ ಕಾಗದವನ್ನು ಕೆ.ಜಿ. ಲೆಕ್ಕದಲ್ಲಿ ಮಾರಬಾರದು.

ಪೋಷಕರ ಸಹಿಯ ಮಾತು ಬಂದದ್ದರಿಂದ ಇನ್ನೊಂದು ಸಂಗತಿ. ಹಳ್ಳಿಯಿಂದ ಬಂದ ಹುಡುಗರು ಮೈಸೂರಿನಲ್ಲಿ ವಾರಾನ್ನ ಉಂಡು ಓದಿದ ಕಥೆಗಳು ಈ ಭಾಗದ ಅನೇಕ ಮನೆಗಳಲ್ಲಿವೆ. ಸೋಮವಾರ ಒಬ್ಬರ ಮನೆ, ಮಂಗಳವಾರ ಇನ್ನೊಬ್ಬರ ಮನೆ. ಆಮೇಲೆ ಜಾತಿವಾರು ವಿದ್ಯಾರ್ಥಿನಿಲಯಗಳು ಬಂದವು. ವಾರಾನ್ನದ ಬಾಗಿಲು ತೆರೆಯದಿದ್ದ ದಲಿತ ಮಕ್ಕಳಿಗೆ ತಲಕಾಡು ರಂಗೇಗೌಡರು, ಗೋಪಾಲಸ್ವಾಮಿ ಅಯ್ಯರ್ ಅವರಂಥವರು ಹಾಸ್ಟೆಲು ಕಟ್ಟಿ ನೆರಳಾದರು. ದಾಖಲಾತಿ ಪುಸ್ತಕದ ವಿಳಾಸದ ಅಂಕಣದಲ್ಲಿ ಈ ಊರು ಯಾರಿಗೆ ಅನ್ನ ಹಾಕಿತು, ಯಾರಿಗೆ ಹಾಕಲಿಲ್ಲ ಎಂಬುದು ಮನೆ ಮನೆಯ ಲೆಕ್ಕದಲ್ಲಿ ಇದೆ. ಇದಕ್ಕಿಂತ ಪ್ರಾಮಾಣಿಕವಾದ ನಗರ ಚರಿತ್ರೆಯನ್ನು ನಾನು ಕಂಡಿಲ್ಲ.

ಆರ್.ಕೆ. ನಾರಾಯಣ್ ಅವರ ತಂದೆ ಮಹಾರಾಜ ಕಾಲೇಜಿಯೇಟ್ ಹೈಸ್ಕೂಲಿನ ಹೆಡ್‌ಮಾಸ್ಟರಾಗಿದ್ದವರು. ಮಗ ಅಲ್ಲಿಯೇ ಓದಿದರು, ಶಾಲೆಯ ಗ್ರಂಥಾಲಯಕ್ಕೆ ಬರುತ್ತಿದ್ದ ಪುಸ್ತಕ, ನಿಯತಕಾಲಿಕಗಳನ್ನು ಓದಿಯೇ ಬೆಳೆದರು. ಒಂದು ಸರ್ಕಾರಿ ಹೈಸ್ಕೂಲಿನ ಗ್ರಂಥಾಲಯ ಲೋಕವೇ ಓದುವ ಒಬ್ಬ ಲೇಖಕನನ್ನು ಬೆಳೆಸುವಷ್ಟು ಸಮೃದ್ಧವಾಗಿತ್ತು. ಇಂದು ನಮ್ಮ ಎಷ್ಟು ಶಾಲೆಗಳಲ್ಲಿ ಗ್ರಂಥಾಲಯಕ್ಕೆ ಬೀಗ ಬಿದ್ದಿದೆ ಎಂದು ನಿಮ್ಮ ಅಧಿಕಾರಿಗಳನ್ನು ಒಮ್ಮೆ ಕೇಳಿ ನೋಡಿ.

1947ರಲ್ಲಿ ದೇಶಕ್ಕೆ ಸ್ವಾತಂತ್ರ್ಯ ಬಂದರೂ ಮೈಸೂರಿಗೆ ಜವಾಬ್ದಾರಿ ಸರ್ಕಾರ ಬಂದಿರಲಿಲ್ಲ. ಮೈಸೂರು ಚಲೋ ಚಳವಳಿಗೆ ತರಗತಿ ಬಿಟ್ಟು ಬೀದಿಗಿಳಿದವರಲ್ಲಿ ವಿದ್ಯಾರ್ಥಿಗಳೂ ಇದ್ದರು. ಗುಂಡಿಗೆ ಬಲಿಯಾದ ವಿದ್ಯಾರ್ಥಿ ರಾಮಸ್ವಾಮಿಯ ಹೆಸರು ಇಂದು ಒಂದು ವೃತ್ತಕ್ಕಿದೆ. ಬಸ್ಸಿನ ನಿರ್ವಾಹಕರು ದಿನವೂ ಆ ಹೆಸರು ಕೂಗುತ್ತಾರೆ. ಅವತ್ತು ಯಾವ ಯಾವ ಶಾಲೆಯ ಮಕ್ಕಳು ಹೊರಗೆ ಬಂದರು, ಯಾರನ್ನು ಶಾಲೆಯಿಂದ ತೆಗೆದುಹಾಕಿದರು, ಯಾರನ್ನು ಮತ್ತೆ ಸೇರಿಸಿಕೊಂಡರು ಎಂಬುದನ್ನು ಆ ತಿಂಗಳ ಹಾಜರಿ ಪುಸ್ತಕಗಳು, ಶಿಕ್ಷಕರ ಸಭೆಯ ನಡಾವಳಿಗಳು ಇದ್ದಿದ್ದರೆ ಹೇಳುತ್ತಿದ್ದವು.

ಪದ್ಧತಿಗಳ ಬಗ್ಗೆಯೂ ಒಂದಿಷ್ಟು ಹೇಳಬೇಕು, ಏಕೆಂದರೆ ಅವು ಬರಹದಲ್ಲಿ ಸಿಗದೆ ಬೇಗ ಅಳಿಯುತ್ತವೆ. ನಾನು ಕಲಿಸಿದ ಶಾಲೆಗಳಲ್ಲಿ ಒಂದರಲ್ಲಿ ಗಂಟೆಯೆಂದರೆ ಮರಕ್ಕೆ ತೂಗುಹಾಕಿದ ರೈಲು ಹಳಿಯ ತುಂಡು. ಹತ್ತನೆಯ ತರಗತಿಯ ಹುಡುಗನಿಗೆ ಮಾತ್ರ ಅದನ್ನು ಹೊಡೆಯುವ ಅಧಿಕಾರ, ಆ ಅಧಿಕಾರ ಪ್ರತಿ ವಾರ ಕೈ ಬದಲಾಯಿಸುತ್ತಿತ್ತು. ಪ್ರಾರ್ಥನೆಯ ನಂತರ ಒಬ್ಬರು ಪತ್ರಿಕೆಯ ಮುಖ್ಯಾಂಶ ಓದಬೇಕು. ಉಚ್ಚಾರ ತಪ್ಪಿದರೆ ಕನ್ನಡ ಮೇಷ್ಟ್ರು ಅಲ್ಲೇ ತಿದ್ದುತ್ತಿದ್ದರು, ಯಾರೂ ನಗಬಾರದು ಎಂಬುದು ಕಟ್ಟುನಿಟ್ಟು. ಹಳಬರು ‘ಪೂರ್ ಬಾಯ್ಸ್ ಫಂಡ್’ ಎನ್ನುತ್ತಿದ್ದ ನಿಧಿಗೆ ಶಿಕ್ಷಕರು ಸಂಬಳದ ದಿನ ಕೈಲಾದಷ್ಟು ಹಾಕುತ್ತಿದ್ದರು. ಯಾರ ಪರೀಕ್ಷಾ ಶುಲ್ಕ ಅದರಿಂದ ಹೋಯಿತು ಎಂಬುದು ಮುಖ್ಯ ಶಿಕ್ಷಕರಿಗೆ ಮತ್ತು ಆ ಹುಡುಗನಿಗೆ ಬಿಟ್ಟರೆ ಬೇರೆಯವರಿಗೆ ತಿಳಿಯುತ್ತಿರಲಿಲ್ಲ. ನವರಾತ್ರಿಯಲ್ಲಿ ಶಾರದಾ ಪೂಜೆ, ನವೆಂಬರಿನಲ್ಲಿ ರಾಜ್ಯೋತ್ಸವ, ಹಾಗೂ ದಸರೆಯ ಪಂಜಿನ ಕವಾಯತಿನ ಸಾಮೂಹಿಕ ಪ್ರದರ್ಶನಕ್ಕೆ ನಮ್ಮ ಮಕ್ಕಳೂ ಬನ್ನಿಮಂಟಪಕ್ಕೆ ಹೋಗುವ ಸಂಭ್ರಮ. ಅದಕ್ಕಾಗಿ ಮೈದಾನದಲ್ಲಿ ವಾರಗಟ್ಟಲೆ ದೈಹಿಕ ಶಿಕ್ಷಕರ ಸೀಟಿ ಮೊಳಗುತ್ತಿತ್ತು.

ಎಲ್ಲಕ್ಕಿಂತ ನನಗೆ ಪ್ರಿಯವಾದದ್ದು ಕೈಬರಹದ ಪತ್ರಿಕೆ. ಅಕ್ಷರ ದುಂಡಗಿರುವ ಮಗು ಬರೆಯುವುದು, ಚಿತ್ರ ಬರುವ ಮಗು ಮುಖಪುಟ ಬಿಡಿಸುವುದು, ಕವನ, ಒಗಟು, ಊರ ಜಾತ್ರೆಯ ವರ್ಣನೆ, ಅಜ್ಜಿ ಹೇಳಿದ ಕಥೆ. ಮುದ್ರಣಕ್ಕೆ ಹಣವಿಲ್ಲದ ಶಾಲೆಗಳ ಮಕ್ಕಳಿಗೆ ಮೊದಲ ಬಾರಿಗೆ ತಮ್ಮ ಹೆಸರನ್ನು ಲೇಖಕರ ಜಾಗದಲ್ಲಿ ನೋಡುವ ಅವಕಾಶ ಅದು. ಪ್ರತಿ ಸಂಚಿಕೆಯೂ ಒಂದೇ ಪ್ರತಿ. ಅದು ಹೋದರೆ ಹೋಯಿತು, ಲೋಕದಲ್ಲಿ ಎರಡನೆಯದು ಇರುವುದಿಲ್ಲ.

ಓಲೆಗರಿಯ ಬೆಲೆ ಬಲ್ಲ ಊರು ನಮ್ಮದು. ಕೌಟಿಲ್ಯನ ಅರ್ಥಶಾಸ್ತ್ರದ ಹಸ್ತಪ್ರತಿ 1905ರಲ್ಲಿ ಆರ್. ಶಾಮಾಶಾಸ್ತ್ರಿಗಳ ಕೈಗೆ ಸಿಕ್ಕಿದ್ದು ಇಲ್ಲಿಯ ಪ್ರಾಚ್ಯ ಗ್ರಂಥಾಲಯದಲ್ಲಿ. ಯಾರೋ ಕಟ್ಟಿಟ್ಟಿದ್ದರು, ಇನ್ನೊಬ್ಬರು ಬಿಚ್ಚಿ ನೋಡಿದರು. ಹಾಗೆ ಕಟ್ಟಿಡುವ ಸಣ್ಣ ಕೆಲಸವನ್ನು ಶಾಲೆಗಳ ವಿಷಯದಲ್ಲಿ ನಾವು ಕೈಬಿಟ್ಟಿದ್ದೇವೆ.

ಕಟ್ಟಡಗಳ ಗತಿಯೂ ನಿಮಗೆ ತಿಳಿದದ್ದೇ. 2012ರ ಆಗಸ್ಟಿನಲ್ಲಿ ಮೈಸೂರಿನ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿದು ನಾಲ್ವರು ಸತ್ತರು. 2016ರಲ್ಲಿ ದೇವರಾಜ ಮಾರುಕಟ್ಟೆಯ ಒಂದು ಭಾಗ ಬಿತ್ತು. 2022ರ ಅಕ್ಟೋಬರಿನಲ್ಲಿ ಮಹಾರಾಣಿ ವಿಜ್ಞಾನ ಕಾಲೇಜಿನ ಹಳೆಯ ಕಟ್ಟಡದ ಭಾಗ ಕುಸಿಯಿತು. ಅಲ್ಲಿ ಮಕ್ಕಳು ಉಳಿದದ್ದೇ ಪುಣ್ಯ. ಪ್ರತಿ ಬಾರಿಯೂ ಉರುಳಿದ ಮೇಲೆ ಉಳಿಸಬೇಕೋ ಕೆಡವಬೇಕೋ ಎಂಬ ಚರ್ಚೆ ಶುರುವಾಗುತ್ತದೆ. ಕಾಗದ ಹೋದಾಗ ಅಷ್ಟು ಚರ್ಚೆಯೂ ಇಲ್ಲ. ಗೋಡೆಯನ್ನು ಸುಣ್ಣ ಗಾರೆಯಲ್ಲಿ ಮತ್ತೆ ಕಟ್ಟಬಹುದು. ದಾಖಲಾತಿ ಪುಸ್ತಕವನ್ನು ಮತ್ತೆ ಬರೆಯಲಾಗದು.

ಟ್ರಸ್ಟುಗಳ, ಮಿಷನ್ನುಗಳ ಶಾಲೆಗಳಿಗೆ ಆಡಳಿತ ಮಂಡಳಿ ಇರುತ್ತದೆ, ಸ್ಥಾಪಕರ ದಿನಾಚರಣೆ ಇರುತ್ತದೆ, ಬೀರುವಿನ ಕೀಲಿ ಯಾರ ಬಳಿಯಿದೆ ಎಂದು ಗೊತ್ತಿರುತ್ತದೆ. ಸರ್ಕಾರಿ ಶಾಲೆಯಲ್ಲಿ ಮುಖ್ಯ ಶಿಕ್ಷಕರು ವರ್ಗವಾಗುತ್ತಾರೆ, ಶಾಲಾಭಿವೃದ್ಧಿ ಸಮಿತಿ ಬದಲಾಗುತ್ತದೆ, ಗುಮಾಸ್ತರ ಹುದ್ದೆ ಖಾಲಿಯೇ ಉಳಿಯುತ್ತದೆ. ಶಾಲೆಗಳನ್ನು ವಿಲೀನಗೊಳಿಸಿದಾಗ, ಪಬ್ಲಿಕ್ ಶಾಲೆಯೆಂದು ಹೊಸ ಫಲಕ ಹಾಕಿದಾಗ ಹಳೆಯ ಹೆಸರೂ ಹೋಗುತ್ತದೆ. ಹೀಗೆ ಹೆಸರನ್ನೂ ನೆನಪನ್ನೂ ಕಳೆದುಕೊಂಡ ಶಾಲೆಯನ್ನು ಮುಚ್ಚುವುದು ಸುಲಭ. ಮಕ್ಕಳ ಸಂಖ್ಯೆ ಕಡಿಮೆಯಾಗಿದೆ ಎಂಬ ಒಂದೇ ಸಾಲಿನ ಕಾರಣ ಸಾಕಾಗುತ್ತದೆ, ಎದುರು ನಿಂತು ಈ ಶಾಲೆ ಏನಾಗಿತ್ತು ಗೊತ್ತೇ ಎಂದು ಕೇಳುವವರ ಕೈಯಲ್ಲಿ ಪುರಾವೆ ಇರುವುದಿಲ್ಲ. ನನ್ನ ಆತಂಕದ ಬೇರು ಇಲ್ಲಿದೆ.

ಸಾರ್ವಜನಿಕ ದಾಖಲೆಗಳ ಬಗ್ಗೆ ಕೇಂದ್ರದ 1993ರ ಕಾಯ್ದೆಯಿದೆ, ನಮ್ಮ ರಾಜ್ಯದ 2010ರ ಕಾಯ್ದೆಯೂ ಇದೆ. ಹಳೆಯ ದಾಖಲೆಗಳನ್ನು ಕಾಪಾಡುವ ರಾಜ್ಯ ಪತ್ರಾಗಾರ ಇಲಾಖೆಯಿದೆ, ಅದರ ವಿಭಾಗೀಯ ಕಚೇರಿ ಮೈಸೂರಿನಲ್ಲೇ ಇದೆ. ಪುರಾತತ್ವ ಮತ್ತು ಪರಂಪರೆ ಇಲಾಖೆಯೂ ಇಲ್ಲೇ ಇದೆ. ಹೊಸ ಕಾನೂನು, ಹೊಸ ನಿಗಮ ಯಾವುದೂ ಬೇಕಿಲ್ಲ. ನಿಮ್ಮ ಇಲಾಖೆಯ ಸುತ್ತೋಲೆ ಸಾಕು.

ಆ ಸುತ್ತೋಲೆಯಲ್ಲಿ ಏನಿರಬೇಕೆಂದು ವಿನಂತಿಸುತ್ತೇನೆ. 1956ರ ಏಕೀಕರಣಕ್ಕೆ ಹಿಂದಿನ ಒಂದು ಹಾಳೆಯನ್ನೂ ಯಾವ ಸರ್ಕಾರಿ ಶಾಲೆಯೂ ವಿಲೇವಾರಿ ಮಾಡಕೂಡದು. ಆಮೇಲಿನ ದಾಖಲಾತಿ ಪುಸ್ತಕ, ತಪಾಸಣಾ ಪುಸ್ತಕ, ಸಭೆಯ ನಡಾವಳಿ, ಶಾಲಾ ಪತ್ರಿಕೆ, ಗುಂಪು ಛಾಯಾಚಿತ್ರಗಳನ್ನು ಪತ್ರಾಗಾರ ಇಲಾಖೆಯವರು ನೋಡಿ ಒಪ್ಪಿಗೆ ಕೊಡುವ ತನಕ ಮುಟ್ಟಬಾರದು. ಮುಖ್ಯ ಶಿಕ್ಷಕರು ಅಧಿಕಾರ ವಹಿಸಿಕೊಡುವ ಪಟ್ಟಿಯಲ್ಲಿ ಕುರ್ಚಿ, ಬೆಂಚು, ಗಣಕಯಂತ್ರಗಳನ್ನು ಎಣಿಸುವ ಹಾಗೆ ಹಳೆಯ ದಾಖಲೆಗಳ ಹೆಸರು ಮತ್ತು ವರ್ಷಗಳೂ ಸೇರಬೇಕು, ಎರಡೂ ಸಹಿ ಬೀಳಬೇಕು. ಇಷ್ಟಕ್ಕೆ ಒಂದು ರೂಪಾಯಿಯ ಅನುದಾನವೂ ಬೇಕಾಗಿಲ್ಲ.

ಅನುದಾನ ಬೇಕಾಗುವುದು ಎರಡನೆಯ ಹಂತಕ್ಕೆ. ನೂರು ವರ್ಷ ದಾಟಿದ ಸರ್ಕಾರಿ ಪ್ರೌಢಶಾಲೆಗಳಿಂದ ಆರಂಭಿಸಿ ಈ ಪುಸ್ತಕಗಳ ಪುಟಪುಟವನ್ನೂ ಸ್ಕ್ಯಾನ್ ಮಾಡಿಸಿ. ಮೂಲ ಪ್ರತಿ ಹಾಳಾಗುವ ಸ್ಥಿತಿಯಲ್ಲಿದ್ದರೆ ಪತ್ರಾಗಾರಕ್ಕೆ ಹೋಗಲಿ, ಶಾಲೆಯಲ್ಲಿ ಓದಬಲ್ಲ ನಕಲು ಉಳಿಯಲಿ. ಒಂದು ಎಚ್ಚರಿಕೆ ಮುಖ್ಯ: ಇವುಗಳಲ್ಲಿ ಜನರ ಜಾತಿ, ವಿಳಾಸ, ಬಡತನದ ವಿವರಗಳಿವೆ. ಅಂತರ್ಜಾಲದಲ್ಲಿ ಯಾರು ಬೇಕಾದರೂ ನೋಡುವಂತೆ ಹಾಕುವುದು ಸಲ್ಲದು. ಕುಟುಂಬದವರಿಗೆ ಅರ್ಜಿಯ ಮೇಲೆ, ಸಂಶೋಧಕರಿಗೆ ಷರತ್ತಿನ ಮೇಲೆ ಸಿಗಬೇಕು.

ಶಾಲೆಗಳನ್ನು ಒಂದುಗೂಡಿಸುವುದು ಅನಿವಾರ್ಯವಾದಲ್ಲಿ ಹೊಸ ಫಲಕದ ಕೆಳಗೆ ಹಳೆಯ ಹೆಸರು ಮತ್ತು ಸ್ಥಾಪನೆಯ ವರ್ಷವನ್ನು ಬರೆಸಿ. ಎಂಟು, ಒಂಬತ್ತನೆಯ ತರಗತಿಯ ಮಕ್ಕಳಿಗೆ ಸಮಾಜ ವಿಜ್ಞಾನದ ಯೋಜನಾ ಕಾರ್ಯವಾಗಿ ತಮ್ಮ ಶಾಲೆಯ ಚರಿತ್ರೆಯನ್ನೇ ಕೊಡಿ. ನಾನು ತರಗತಿಯಲ್ಲಿ ಮಾಡಿಸಿ ನೋಡಿದ್ದೇನೆ: ಪಾಠದ ಪುಸ್ತಕದಲ್ಲಿ ಮಿಲ್ಲರ್ ಸಮಿತಿಯ ಹೆಸರು ಉರು ಹೊಡೆಯಲು ಬೇಸರಪಡುವ ಹುಡುಗಿ, ತನ್ನ ಕೇರಿಯ ಹೆಸರು ಹಳೆಯ ಪುಟದಲ್ಲಿ ಕಂಡ ಕೂಡಲೇ ಆ ಕಾಲದ ಬಗ್ಗೆ ಹತ್ತು ಪ್ರಶ್ನೆ ಕೇಳುತ್ತಾಳೆ. ಕೈಬರಹದ ಪತ್ರಿಕೆಯನ್ನೂ ಮತ್ತೆ ಶುರು ಮಾಡಿಸಿ. ಈ ಬಾರಿ ಒಂದು ಪ್ರತಿ ತೆಗೆದಿಡಲು ಮೊಬೈಲ್ ಸಾಕು.

ಈ ಶಾಲೆಗಳ ಹಳೆಯ ವಿದ್ಯಾರ್ಥಿಗಳಿಗೂ ಇದೇ ಪತ್ರದಲ್ಲಿ ಒಂದು ಮಾತು. ಇಪ್ಪತ್ತೈದು ವರ್ಷದ ಬಳಿಕ ಒಟ್ಟಾಗಿ ಗುರುವಂದನೆ ಮಾಡುತ್ತೀರಿ, ಹಾರ ಹಾಕುತ್ತೀರಿ, ಶಾಲೆಗೆ ನೀರಿನ ಯಂತ್ರವನ್ನೋ ಬೆಂಚುಗಳನ್ನೋ ಕೊಡುತ್ತೀರಿ. ನಿಮ್ಮ ಪ್ರೀತಿ ದೊಡ್ಡದು, ನನಗೂ ಆ ಹಾರ ಬಿದ್ದಿದೆ. ಮುಂದಿನ ಬಾರಿ ಬರುವಾಗ ನಿಮ್ಮ ಮನೆಯಲ್ಲಿರುವ ಗುಂಪು ಚಿತ್ರದ ನಕಲನ್ನು ತನ್ನಿ, ಹಿಂಬದಿಯಲ್ಲಿ ನೆನಪಿರುವಷ್ಟು ಹೆಸರು ಬರೆಯಿರಿ. ಗೆದ್ದಲು ಹಿಡಿಯದ ಒಂದು ಉಕ್ಕಿನ ಬೀರು ಕೊಡಿಸಿ. ಕಚೇರಿಗೆ ಹೋಗಿ ನಿಮ್ಮ ವರ್ಷದ ದಾಖಲಾತಿ ಪುಸ್ತಕ ಇದೆಯೇ ಎಂದು ಕೇಳಿ. ಕೇಳುವವರಿದ್ದಾರೆ ಎಂದು ಗೊತ್ತಾದರೆ ಕಾಯುವವರೂ ಹುಟ್ಟುತ್ತಾರೆ.

ಮಾನ್ಯ ಸಚಿವರೇ, ಮೈಸೂರಿನಲ್ಲಿ ನನ್ನ ಹಾಗೆ ನಿವೃತ್ತರಾಗಿರುವ ಅನೇಕ ಶಿಕ್ಷಕರಿದ್ದಾರೆ. ಹಳೆಯ ಕೈಬರಹ ಓದಬಲ್ಲೆವು, ಪಟ್ಟಿ ಮಾಡಬಲ್ಲೆವು. ಸಂಭಾವನೆ ಕೇಳುವುದಿಲ್ಲ, ಶಾಲೆಯೊಳಗೆ ಬರಲು ಇಲಾಖೆಯ ಅನುಮತಿ ಪತ್ರವೊಂದಿದ್ದರೆ ಸಾಕು. ಕೊಠಡಿ ಖಾಲಿ ಮಾಡುವ ಕೆಲಸ ಶಾಲೆಗಳಲ್ಲಿ ನಡೆಯುವುದು ಏಪ್ರಿಲ್ ಮತ್ತು ಮೇ ತಿಂಗಳಲ್ಲಿ. ಸುತ್ತೋಲೆ ಮಾರ್ಚ್ ಮುಗಿಯುವುದರೊಳಗೆ ಎಲ್ಲ ಉಪನಿರ್ದೇಶಕರ ಮತ್ತು ಕ್ಷೇತ್ರ ಶಿಕ್ಷಣಾಧಿಕಾರಿಗಳ ಕೈ ಸೇರುವಂತೆ ಮಾಡಬೇಕೆಂದು ಕೈಮುಗಿದು ಕೇಳಿಕೊಳ್ಳುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಪ್ರೌಢಶಾಲಾ ಶಿಕ್ಷಕ
ಮೈಸೂರು